ಕುಂಕುಮ ಹಚ್ಚಿದ ಕಾದಂಬರಿ

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಹಿರಿಯರೇ, ದೀಪ ಬೆಳಗಿಸಿ ನಮ್ಮ ಪುಸ್ತಕಗಳನ್ನು ಬಿಡುಗಡೆ ಮಾಡಿದ ಅತಿಥಿಗಳೇ, ನನ್ನ ಜೊತೆ ವೇದಿಕೆಯ ಮೇಲಿರುವ ಲೇಖಕರಾದ ನಿಶಾಂತ್ ಮತ್ತು ಸ್ವಪ್ನಾ ಅವರೇ, ಸಾಗರ, ಹೊಸನಗರ, ತೀರ್ಥಹಳ್ಳಿ ಎಂದು ಮೂರೂ ತಾಲ್ಲೂಕುಗಳಿಂದ ಬಸ್ಸು ಹಿಡಿದು ಬಂದಿರುವ ಸಭಿಕರೇ, ಮನೆಯ ಕೆಲಸ ಅರ್ಧಕ್ಕೆ ಬಿಟ್ಟು ಬಂದಿರುವ ಅಕ್ಕತಂಗಿಯರೇ, ಮತ್ತು ಎಷ್ಟು ಕರೆದರೂ ಮುಂದೆ ಬಾರದೆ ಬಾಗಿಲ ಪಕ್ಕದ ಕುರ್ಚಿಯಲ್ಲಿಯೇ ಕುಳಿತಿರುವ ನಮ್ಮನೆಯವರೇ, ನಿಮಗೆಲ್ಲ ಈ ಕನ್ನಮ್ಮನ ಶರಣು.

ನಮ್ಮೂರ ಚೌಡಮ್ಮನನ್ನು ನೆನೆದು ಮಾತು ಶುರು ಮಾಡುತ್ತೇನೆ. ವೇದಿಕೆ ಹತ್ತುವ ಮೊದಲು ನಿಶಾಂತ್ ನನ್ನ ಕಿವಿಯಲ್ಲಿ, ಪುಸ್ತಕದ ಬಗ್ಗೆ ಮಾತ್ರ ಹೇಳಿ ಕನ್ನಮ್ಮಕ್ಕ, ಮನೆ ವಿಚಾರ ತರಬೇಡಿ ಎಂದು ಹೇಳಿದ್ದಾನೆ. ಆಗಲಪ್ಪ ಎಂದಿದ್ದೇನೆ. ಆದರೆ ಪುಸ್ತಕವೇ ಮನೆಯ ಒಲೆಯ ಮುಂದೆ ಹುಟ್ಟಿದ್ದಾದರೆ ನಾನೇನು ಮಾಡಲಿ?

ನಮ್ಮ ಮೂವರಿಗೂ ಪ್ರಕಾಶಕರಿಲ್ಲ. ಕಳಿಸಿದ ಕಡೆಯಿಂದ ಆಗುವುದಿಲ್ಲ ಎಂಬ ಉತ್ತರವೂ ಬರಲಿಲ್ಲ. ನಮ್ಮ ಪುಸ್ತಕವನ್ನು ನಾವೇ ಅಚ್ಚು ಹಾಕಿಸಿ, ನಾವೇ ಹೊತ್ತು, ನಾವೇ ಮಾರುವವರು ನಾವು. ಮಾಸ್ತಿಕಟ್ಟೆಯ ನಿಶಾಂತ್ ಕೆಟ್ಟ ಮೋಟಾರುಗಳನ್ನು ರಿಪೇರಿ ಮಾಡುತ್ತಾನೆ. ಅವನ ಮೊದಲ ಕಾದಂಬರಿಯಲ್ಲಿ ಮೋಡದ ಮೇಲೊಂದು ಗುಡುಗು ತಯಾರಿಸುವ ಕಾರ್ಖಾನೆಯಿದೆ. ತೀರ್ಥಹಳ್ಳಿಯ ಸ್ವಪ್ನಾ ಬಟ್ಟೆ ಹೊಲಿಯುತ್ತಾಳೆ. ಅವಳ ಮೊದಲ ಕಾದಂಬರಿಯ ಹುಡುಗಿ ತನ್ನ ರೆಕ್ಕೆಯನ್ನು ತಾನೇ ಹೊಲಿದುಕೊಂಡು ಹಾರುತ್ತಾಳೆ. ಇಂದು ಬಿಡುಗಡೆಯಾದದ್ದು ಇವರಿಬ್ಬರ ಹೊಸ ಕಾದಂಬರಿಗಳು, ಮತ್ತು ನನ್ನ 'ಹೊಳೆತಳದ ಹೊನ್ನಿ'ಯ ಎರಡನೆಯ ಮುದ್ರಣ.

ನಾನು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಓದಿದ್ದು ಏಳನೆಯ ತರಗತಿ. ನನ್ನ ಕಥೆಯಲ್ಲಿ ಹೊಳೆಯ ತಳದಲ್ಲೊಂದು ಊರು. ಅಲ್ಲಿಯ ಬೆಳಕನ್ನೆಲ್ಲ ಒಂದು ರಾಕ್ಷಸ ಮೀನು ನುಂಗಿ ಕುಳಿತಿದೆ. ಹೊನ್ನಿ ಎಂಬ ಹುಡುಗಿ, ಮಾತಾಡದ ಒಬ್ಬ ಅಂಬಿಗನ ದೋಣಿ ಹತ್ತಿ, ಆ ಮೀನಿನ ಹೊಟ್ಟೆಯೊಳಕ್ಕೇ ಹೊಕ್ಕು ಬೆಳಕನ್ನು ತರುತ್ತಾಳೆ. ನಿಶಾಂತ್ ಇದಕ್ಕೆ ಫ್ಯಾಂಟಸಿ ಎನ್ನುತ್ತಾನೆ. ನನ್ನವ್ವ ಇದ್ದಿದ್ದರೆ, ಹೊಳೆ ಅಂದಮೇಲೆ ಅಡಿಯಲ್ಲಿ ಊರಿರದೆ ಮತ್ತೇನಿರುತ್ತದೆ ಎನ್ನುತ್ತಿದ್ದಳು. ಅವಳು ಹುಟ್ಟಿದ ಊರು ಈಗಲೂ ಲಿಂಗನಮಕ್ಕಿ ಅಣೆಕಟ್ಟಿನ ನೀರಿನ ಅಡಿಯಲ್ಲಿಯೇ ಇದೆ.

ಮುಖಪುಟಕ್ಕೆ ನಾನೇ ಕೆಮ್ಮಣ್ಣಿನ ಬಣ್ಣದ ಮೇಲೆ ಬಿಳಿ ಗೆರೆಯ ಚಿತ್ತಾರ ಬರೆದೆ, ಭೂಮಿ ಹುಣ್ಣಿಮೆಯ ದಿನ ಗದ್ದೆಗೆ ಎಡೆ ಒಯ್ಯುವ ಬುಟ್ಟಿಗೆ ಬರೆಯುತ್ತೇವಲ್ಲ, ಹಾಗೆ. ಮೊದಲ ಮುದ್ರಣದ ಕಟ್ಟುಗಳು ಬಸ್ಸಿನಿಂದ ಇಳಿದವು. ನಾನು ಅವನ್ನು ನೇರವಾಗಿ ಚೌಡಮ್ಮನ ಗುಡಿಗೆ ಒಯ್ದೆ. ಪೂಜೆ ಮಾಡಿಸಿದೆ. ಒಂದೊಂದು ಪ್ರತಿಯನ್ನೂ ತೆಗೆದು ಅರಿಶಿನ ಕುಂಕುಮ ಹಚ್ಚಿದೆ. ತಪ್ಪೇ? ಹೊಸ ಟ್ರ್ಯಾಕ್ಟರಿಗೆ ನಾವು ಪೂಜೆ ಮಾಡುವುದಿಲ್ಲವೇ? ಹೊಸ ಮಿಕ್ಸಿಗೆ ಕುಂಕುಮ ಇಡುವುದಿಲ್ಲವೇ? ಹಾಗಿರುವಾಗ ಸರಸ್ವತಿಯನ್ನು ಬರಿ ಹಣೆಯಲ್ಲಿ ಹೊರಗೆ ಕಳಿಸಲು ನನಗೆ ಹೇಗೆ ಮನಸ್ಸು ಬಂದೀತು?

ನಿಶಾಂತ್ ಬಂದು ನೋಡಿದವನು ತಲೆಯ ಮೇಲೆ ಕೈ ಇಟ್ಟುಕೊಂಡ. "ಅಕ್ಕಾ, ಇದು ಕಾದಂಬರಿ."

"ಇದ್ರೆ ಇರ್ಲಿ ಮಾರಾಯ. ಅದಕ್ಕೂ ಒಂದು ಹಣೆ ಇರ್ತದೆ" ಎಂದೆ.

ಮಾರಾಟಕ್ಕೆ ಹೊರಟೆವು. ಸ್ವಪ್ನಾ ಫೋನಿನಲ್ಲಿ ವಿಡಿಯೊ ಮಾಡಿ ಬಿಟ್ಟಳು. ನಾನು ಮಹಿಳಾ ಸಂಘದ ಸಭೆಗಳಿಗೆ, ಬಸ್ ನಿಲ್ದಾಣಕ್ಕೆ, ಕಾರ್ಗಲ್ಲಿನ ಕಾಲೊನಿಯ ಮನೆಗಳಿಗೆ ಚೀಲ ಹೊತ್ತೆ. ಪುಸ್ತಕ ಹೋದದ್ದೇ ಹೋದದ್ದು! ಹೆಂಗಸರು ಎರಡೂ ಕೈ ಚಾಚಿ ತೆಗೆದುಕೊಂಡರು. ಕಣ್ಣಿಗೆ ಒತ್ತಿಕೊಂಡರು. ಒಬ್ಬರಂತೂ ಚಪ್ಪಲಿ ಬಿಟ್ಟು ಬಂದು ತೆಗೆದುಕೊಂಡರು. ನಿಶಾಂತ್ ಮತ್ತು ಸ್ವಪ್ನಾರ ಕಟ್ಟುಗಳನ್ನು ಬಿಚ್ಚುವ ಮೊದಲೇ ನನ್ನವು ಮುಗಿದಿದ್ದವು. ನಾನು ಹೇಗೆ ನಡೆಯುತ್ತಿದ್ದೆ ಎಂದರೆ, ಅಕ್ಷರ ಕಲಿತವಳು ಈ ಸೀಮೆಯಲ್ಲಿ ನಾನೊಬ್ಬಳೇ ಎಂಬ ಹಾಗೆ.

ಆಮೇಲೆ ಕಾದೆ. ಯಾರಾದರೂ ದಾರಿಯಲ್ಲಿ ನಿಲ್ಲಿಸಿ, ಹೊನ್ನಿ ಹಾಗೇಕೆ ಮಾಡಿದಳು ಎಂದು ಕೇಳಿಯಾರು ಎಂದು ಕಾದೆ. ಯಾರೂ ಕೇಳಲಿಲ್ಲ. ನಿಶಾಂತನಿಗೆ ಹುಡುಗರು ಫೋನು ಮಾಡಿ ಗುಡುಗಿನ ಕಾರ್ಖಾನೆಯ ಬಗ್ಗೆ ಜಗಳವಾಡುತ್ತಿದ್ದರು. ಅವನ ಒಂದು ಪ್ರತಿ ಕೈಯಿಂದ ಕೈಗೆ ದಾಟಿ, ಬೆನ್ನು ಬಿಚ್ಚಿ, ಚಹಾದ ಕಲೆ ಹೊತ್ತು ತಿರುಗಿ ಅವನ ಅಂಗಡಿಗೇ ಬಂದಿತ್ತು. ಆ ಚಹಾದ ಕಲೆ ನೋಡಿ ನನಗೆ ಹೊಟ್ಟೆಕಿಚ್ಚಾಯಿತು ಸಭಿಕರೇ. ದೇವರಾಣೆಗೂ ಆಯಿತು.

ನಮ್ಮ ಕೇರಿಯ ಹಿರಿಯಳು ಹೂವಮ್ಮಕ್ಕ. ಅವರ ಮನೆಗೇ ಹೋಗಿ ಕೇಳಿಬಿಟ್ಟೆ, ಓದಿದಿರಾ ಎಂದು. ಅವರು ನನ್ನನ್ನು ದೇವರ ಕೋಣೆಗೆ ಕರೆದೊಯ್ದರು. ನನ್ನ ಹೊನ್ನಿ ದೀಪದ ಪಕ್ಕ, ಕೆಂಪು ವಸ್ತ್ರದ ಮೇಲೆ, ತಲೆಗೊಂದು ದಾಸವಾಳ ಮುಡಿದು ಕುಳಿತಿದ್ದಳು.

"ಎಂತ ಮಾತಾಡ್ತೀಯೆ ಮಾರಾಯ್ತಿ" ಎಂದರು ಹೂವಮ್ಮಕ್ಕ. "ಕುಂಕುಮ ಹಚ್ಚಿದ್ದನ್ನ ಹಾಸಿಗೆ ಮೇಲೆ ಇಟ್ಕಂಡು ಓದಾಕಾಗ್ತದಾ? ಮೀನು ಮುಟ್ಟಿದ ಕೈಯಾಗೆ ಮುಟ್ಟಾಕಾಗ್ತದಾ? ಮೀನಿಲ್ದಿರೋ ದಿನ ನಮ್ಮನೇಲಿ ಯಾವತ್ತಿರ್ತದೆ ನೀನೇ ಹೇಳು."

ಮನೆಮನೆಗೆ ಹೋಗಿ ನೋಡಿದೆ. ಎಲ್ಲ ಕಡೆಯೂ ಇದೇ. ಹೊರಗಿನ ಚಿತ್ತಾರ, ಮೇಲಿನ ಕುಂಕುಮ ನೋಡಿ ದೇವರ ಪುಸ್ತಕವೆಂದೇ ತಿಳಿದಿದ್ದರು. ಕಾರ್ಗಲ್ಲಿನ ಒಬ್ಬ ತಾಯಿ, ಈ ವ್ರತದ ಉದ್ಯಾಪನೆ ಯಾವಾಗ ಎಂದು ಕೇಳಿದರು. ಬರೆದವಳಿಗೆ ಇದಕ್ಕಿಂತ ದೊಡ್ಡ ಗೌರವ ಸಿಕ್ಕೀತೇ? ಇದಕ್ಕಿಂತ ದೊಡ್ಡ ಶಿಕ್ಷೆ ಸಿಕ್ಕೀತೇ? ಪುಸ್ತಕ ಎಲ್ಲರ ಮನೆಯಲ್ಲಿತ್ತು, ಯಾರ ತಲೆಯಲ್ಲಿಯೂ ಇರಲಿಲ್ಲ. ಗುಡಿಗೆ ಹೋಗಿ ಚೌಡಮ್ಮನ ಮುಂದೆ ನಿಂತು ಹೇಳಿದೆ: ಅಮ್ಮಾ, ನಿನಗೆ ಕಾಪಾಡು ಅಂದಿದ್ದೆ, ಬಚ್ಚಿಡು ಅಂದಿರಲಿಲ್ಲ.

ಬೇರೆಯವರ ಮಾತು ಬಿಡಿ. ನನ್ನ ಮನೆಯಲ್ಲಿಯೇ ನಮ್ಮನೆಯವರು ದಿನಾ ಸ್ನಾನ ಮಾಡಿ ಬಂದು ಹೊನ್ನಿಗೊಂದು ಹೂವಿಟ್ಟು ಕೈ ಮುಗಿಯುತ್ತಿದ್ದರು. ತೆರೆದದ್ದನ್ನು ನಾನು ಕಾಣಲಿಲ್ಲ. ಅವರು ಹೊಳೆ ದಾಟಿಸುವ ಲಾಂಚಿನಲ್ಲಿ ಹಗ್ಗ ಎಸೆಯುವ ಕೆಲಸದಲ್ಲಿದ್ದವರು. ಬೈಕು ಮುಂದೆ ತನ್ನಿ, ಮಕ್ಕಳನ್ನು ಹಿಡಿದುಕೊಳ್ಳಿ ಎಂದು ದಿನವಿಡೀ ಪರವೂರಿನವರಿಗೆಲ್ಲ ಹೇಳಿ ಹೇಳಿ, ಮನೆಗೆ ಬರುವಷ್ಟರಲ್ಲಿ ಮಾತು ಖರ್ಚಾಗಿರುತ್ತಿತ್ತು. ಸಾರು ಹೇಗಿದೆ ಎಂದರೆ ತಟ್ಟೆಯನ್ನು ಮುಂದೆ ಚಾಚುವರು. ಸೀರೆ ಹೇಗಿದೆ ಎಂದರೆ ಒಮ್ಮೆ ಸೀರೆಯನ್ನು ನೋಡಿ, ಆಮೇಲೆ ಮಳೆ ಬರುತ್ತದೆಯೋ ಎಂಬಂತೆ ಆಕಾಶವನ್ನು ನೋಡುವರು. ಹೊಳೆಗೆ ಸೇತುವೆಯಾಯಿತು, ಲಾಂಚು ನಿಂತಿತು, ಅವರು ಮನೆಯಲ್ಲಿ ಉಳಿದರು. ಮಾತು ಮಾತ್ರ ಇನ್ನೂ ಆಚೆ ದಡದಲ್ಲಿಯೇ ಇದೆಯೋ ಏನೋ. ಸಂಜೆಯಾದರೆ "ಸೇತುವೆ" ಎಂದು ಒಂದೇ ಮಾತು ಹೇಳಿ ತಿರುಗಾಡಲು ಹೋಗುವರು.

ನನ್ನ ಕಾದಂಬರಿಯ ಅಂಬಿಗನಿಗೂ ಅವರಿಗೂ ಯಾವ ಸಂಬಂಧವೂ ಇಲ್ಲವೆಂದು ಈ ಸಭೆಯ ಮುಂದೆ ಸ್ಪಷ್ಟಪಡಿಸುತ್ತೇನೆ. ಅಂಬಿಗನ ಎಡ ಹೆಬ್ಬೆರಳಿಗೂ ಹಗ್ಗ ಉಜ್ಜಿದ ಗಾಯದ ಗುರುತಿದೆ, ಅಷ್ಟೇ.

ಇರಲಿ. ನಾನು ಇನ್ನು ಬರೆಯುವುದಿಲ್ಲವೆಂದು ನಿಶಾಂತನಿಗೆ ಹೇಳಿಯೂ ಆಗಿತ್ತು. ಒಂದು ಬೆಳಿಗ್ಗೆ ಹೂವಮ್ಮಕ್ಕ ನಮ್ಮ ಅಂಗಳಕ್ಕೇ ಬಂದರು. ದೇವರ ಮುಂದೆ ಪುಸ್ತಕವಿಟ್ಟು ಓದದೆ ಇರುವುದು ಪಾಪವಲ್ಲವೇ, ನನಗೆ ನಿದ್ದೆ ಹತ್ತುತ್ತಿಲ್ಲ, ಪಾರಾಯಣ ಮಾಡಿಸಿಬಿಡುತ್ತೇನೆ ಎಂದರು. ಅದು ಪುರಾಣವಲ್ಲ ಹೂವಮ್ಮಕ್ಕಾ, ನನ್ನ ತಲೆಯಿಂದ ಬಂದದ್ದು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಆ ಹೊನ್ನಿ ಒಳ್ಳೇಳಾ, ಕೆಟ್ಟೋಳಾ?" ಎಂದು ಕೇಳಿದರು.

"ಒಳ್ಳೇಳು."

"ಹಾಂಗಾರೆ ಸಾಕು ಬಿಡು."

ಓದುವುದಕ್ಕೆ ಸೀತಾರಾಮಪ್ಪನವರನ್ನು ಕರೆಸಿದರು. ಅವರು ಸಾಗರ–ಹೊಸನಗರ ದಾರಿಯಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಆ ಗಂಟಲನ್ನು ನೀವು ಕೇಳಬೇಕು. ದೀಪ ಹಚ್ಚಿದ ಮೇಲೆ ಹೂವಮ್ಮಕ್ಕನ ಜಗಲಿಯಲ್ಲಿ ಕುಳಿತು "ರೈಟ್" ಎಂದು ಶುರು ಮಾಡುವರು. ಕಥೆ ಬಿಗಿಯಾದ ಕಡೆಯೇ ಸರಿಯಾಗಿ "ಹೋಲ್ಡಾನ್" ಎಂದು ಪುಸ್ತಕ ಮುಚ್ಚುವರು. ನಾಚಿಕೆಯಿಂದ ನಾನು ಆ ಕಡೆ ಹೋಗಲಿಲ್ಲ. ಆದರೆ ಸುದ್ದಿ ನನ್ನ ಅಡುಗೆಮನೆಗೇ ಬರುತ್ತಿತ್ತು. ಹೊನ್ನಿ ದೋಣಿ ಹತ್ತಿದಾಗ ಹೆಂಗಸರು ಅಕ್ಷತೆ ಹಾಕಿದರಂತೆ. ರಾಕ್ಷಸ ಮೀನನ್ನು ಒಬ್ಬಳು ಬೈದ ಬೈಗುಳಕ್ಕೆ ಸೀತಾರಾಮಪ್ಪನವರು ಓದು ನಿಲ್ಲಿಸಿ ಕಿವಿ ಮುಚ್ಚಿಕೊಂಡರಂತೆ. ಮೊದಲು ಜಗಲಿ ತುಂಬಿತು, ಆಮೇಲೆ ಅಂಗಳ ತುಂಬಿತು. ಕೇರಿಯ ಹುಡುಗಿ ಸೌಜನ್ಯ ನೀರಿನ ನಲ್ಲಿಯ ಹತ್ತಿರ ನನ್ನ ಕೊಡ ಹಿಡಿದು ನಿಲ್ಲಿಸಿ, "ಕನ್ನಮ್ಮತ್ತೆ, ಹೊನ್ನಿ ಉಳೀತಾಳಾ ಇಲ್ವಾ, ಅದೊಂದು ಹೇಳಿ ಹೋಗಿ" ಎಂದಳು.

ಸಭಿಕರೇ, ಈ ಒಂದು ಪ್ರಶ್ನೆಗಾಗಿಯೇ ನಾನು ಕಾದಿದ್ದು. ಹೇಳಲಿಲ್ಲ. ಮರುದಿನ ಹಲಸಿನ ಹಪ್ಪಳದ ಕಟ್ಟು ತಂದುಕೊಟ್ಟಳು, ಆಗಲೂ ಹೇಳಲಿಲ್ಲ. ಹಪ್ಪಳ ಇಟ್ಟುಕೊಂಡೆ.

ಹೊನ್ನಿ ಮೀನಿನ ಹೊಟ್ಟೆಯಿಂದ ಬದುಕಿ ಬಂದರೆ ಚೌಡಮ್ಮನಿಗೆ ಕಾಯಿ ಒಡೆಸುತ್ತೇವೆಂದು ಕೆಲವರು ಹರಕೆ ಹೊತ್ತರು. ಬರೆದವಳು ನಾನು. ಅವಳು ಬರುತ್ತಾಳೆಂದು ನನಗೆ ಗೊತ್ತಿತ್ತು. ಆದರೂ ಕೊನೆಯ ದಿನ ತಡೆಯಲಾರದೆ ಹೋದೆ. ಅಂಗಳದ ಅಂಚಿನಲ್ಲಿ ನಿಂತು ಕೇಳುವಾಗ ಎಲ್ಲರಂತೆ ನಾನೂ ಮನಸ್ಸಿನಲ್ಲಿ ಒಂದು ಕಾಯಿಯ ಹರಕೆ ಹೊತ್ತೆ. ಹೊನ್ನಿ ಸೆರಗಿನಲ್ಲಿ ಬೆಳಕು ಕಟ್ಟಿಕೊಂಡು ಮೇಲೆ ಬಂದಳು. ಅಂಗಳಕ್ಕೆ ಅಂಗಳವೇ ಎದ್ದು ನಿಂತಿತು. ಯಾರೋ ಶಂಖ ಊದಿದರು.

ಮಂಗಳ ಮುಗಿಸಿ ಆ ರಾತ್ರಿಯೇ ಹೂವಮ್ಮಕ್ಕ ಎಲ್ಲರಿಗೂ ಏನು ಬಡಿಸಿದರು ಗೊತ್ತೇ? ಮೀನು ಸಾರು! ಪಾರಾಯಣ ಮುಗಿಯುವವರೆಗೆ ಆ ಮನೆಯಲ್ಲಿ ಮೀನು ಮುಟ್ಟಿರಲಿಲ್ಲ. "ಆ ಮೀನು ಸೋತ ಮೇಲೂ ನಾವು ತಿನ್ನದಿದ್ರೆ ಹೊನ್ನಿಗೆ ಬೇಜಾರಾಗ್ತದೆ" ಎಂದು ತೀರ್ಪು ಕೊಟ್ಟರು. ಉಂಡ ಕೈಯನ್ನು ಸೆರಗಿಗೆ ಒರೆಸಿಕೊಂಡು, ಹೊನ್ನಿ ಮೀನಿನ ಬಾಯಿಯೊಳಗೆ ಹೊಗುವ ಪುಟ ಎಲ್ಲಿದೆ, ಇನ್ನೊಮ್ಮೆ ಓದಬೇಕು ಎಂದು ಹೆಂಗಸರು ಪುಸ್ತಕ ಕಸಿದಾಡಿದರು. ಹೂವಮ್ಮಕ್ಕನ ಆ ಪ್ರತಿಯಲ್ಲಿ ಈಗ ಕುಂಕುಮವೂ ಇದೆ, ಮೀನು ಸಾರಿನ ಕಲೆಯೂ ಇದೆ. ನಿಶಾಂತ್, ನಿನ್ನ ಚಹಾದ ಕಲೆ ಇದರ ಮುಂದೆ ಏನೂ ಅಲ್ಲ ಕಣಪ್ಪ.

ಸ್ವಪ್ನಾ ಬಂದು ಸೀತಾರಾಮಪ್ಪನವರ ಓದನ್ನು ಫೋನಿನಲ್ಲಿ ಹಿಡಿದು ಹರಿಬಿಟ್ಟಳು. ಹೊಸನಗರದಿಂದ ಕರೆ ಬಂತು, ತೀರ್ಥಹಳ್ಳಿಯಿಂದ ಬಂತು. ಮಾಸ್ತಿಕಟ್ಟೆಯಲ್ಲಿ ಈಗ ಗುಡುಗಿನ ಕಾರ್ಖಾನೆಯನ್ನು ಗಟ್ಟಿಯಾಗಿ ಓದುತ್ತಾರೆ. ಕುಪ್ಪಳ್ಳಿಯ ದಾರಿಯ ಒಂದು ಹೋಟೆಲಿನಲ್ಲಿ ರೆಕ್ಕೆಯ ಹುಡುಗಿಯ ಕಥೆ ಮುಗಿಯುವವರೆಗೆ ಯಾರೂ ಏಳುವುದಿಲ್ಲವಂತೆ. ಯಾವ ಪ್ರಕಾಶಕರೂ ಉತ್ತರ ಕೊಡದ ಮೂವರು ನಾವು. ಇಂದು ಈ ಸಭಾಂಗಣದಲ್ಲಿ ಕೂರಲು ಜಾಗವಿಲ್ಲ. ಗೆದ್ದೆವು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಗೆದ್ದೆವು.

ಇನ್ನೊಂದೇ ಮನೆ ವಿಚಾರ ಹೇಳಿ ಮುಗಿಸುತ್ತೇನೆ. ನಿಶಾಂತ್, ಸಿಟ್ಟು ಮಾಡಿಕೊಳ್ಳಬೇಡ.

ಆ ಕೊನೆಯ ದಿನ ಜಗಲಿಯ ಕಂಬದ ಹಿಂದೆ ಕುಳಿತ ಒಬ್ಬರು ನನ್ನ ಕಣ್ಣಿಗೆ ಬಿದ್ದರು. ನಮ್ಮನೆಯವರು. ಹೂವಮ್ಮಕ್ಕನನ್ನು ಕೇಳಿದರೆ, ಮೊದಲ ದಿನದಿಂದಲೂ ಬರುತ್ತಿದ್ದಾನೆ, ಹೇಳಬೇಡಿ ಅಂದಿದ್ದ ಎಂದರು. ಸೇತುವೆ ಎಂದು ಹೊರಡುತ್ತಿದ್ದವರು ಇಷ್ಟು ದಿನವೂ ನನ್ನ ಹೊಳೆಯ ತಳದಲ್ಲಿ ಇದ್ದರು.

ಊಟ ಮುಗಿಸಿ ಇಬ್ಬರೂ ನಡೆದು ಬಂದೆವು. ಅರ್ಧ ದಾರಿಯಲ್ಲಿ ಅವರೇ, ನನ್ನ ಕಡೆ ನೋಡದೆ, "ಆ ಅಂಬಿಗ ಕೊನೆಗಾದ್ರೂ ಹೊನ್ನಿ ಹತ್ರ ಒಂದ್ ಮಾತಾಡ್ಬೋದಿತ್ತು. ನೀನ್ ಎಂತಕ್ಕೆ ಆಡಿಸ್ಲಿಲ್ಲ?" ಎಂದರು.

"ಆಡಿದ್ರೆ ಎಂತ ಹೇಳ್ತಿದ್ದ?" ಎಂದೆ.

ಅವರು ಹೆಜ್ಜೆ ಮುಂದೆ ಹಾಕಿದರು. ನಮ್ಮ ಅಂಗಳದ ಬೇಲಿಯ ದಣಪೆ ಬಂತು. ಅದನ್ನು ದಾಟಿ, ಬಾಗಿಲ ಚಿಲಕಕ್ಕೆ ಕೈ ಹಾಕಿ, ಬಾಗಿಲಿಗೆ ಹೇಳುವ ಹಾಗೆ ಹೇಳಿದರು: "ಚಲೋ ಮಾಡ್ದೆ ಕಣೆ, ಅಂತಿದ್ದ."

ಈ ಎರಡನೆಯ ಮುದ್ರಣದ ಕೊನೆಯ ಪುಟದಲ್ಲಿ ಅಂಬಿಗ ಮಾತಾಡುತ್ತಾನೆ. ಅದೊಂದೇ ಮಾತು. ಆ ಮಾತು ನಾನು ಬರೆದದ್ದಲ್ಲ.

ನಮ್ಮನ್ನು ಕರೆದು ಕೂರಿಸಿದ ಸಂಘಟಕರಿಗೆ, ಜೊತೆಗಾರರಾದ ನಿಶಾಂತನಿಗೆ ಮತ್ತು ಸ್ವಪ್ನಾಳಿಗೆ, ಹೂವಮ್ಮಕ್ಕನ ನಿದ್ದೆ ಹತ್ತದ ಕಣ್ಣಿಗೆ, ಸೀತಾರಾಮಪ್ಪನವರ ಗಂಟಲಿಗೆ, ಬಾಗಿಲ ಪಕ್ಕದ ಆ ಕುರ್ಚಿಗೆ ನನ್ನ ಕೃತಜ್ಞತೆ. ಹೊಸ ಮುದ್ರಣದ ಮೊದಲ ಪ್ರತಿಯನ್ನು ಚೌಡಮ್ಮನ ಮುಂದೆ ಇಟ್ಟು ಬಂದಿದ್ದೇನೆ. ಕುಂಕುಮ ಹಚ್ಚಲಿಲ್ಲ. ಈ ಸಲ ಪೂಜೆ ಬೇಡಮ್ಮಾ, ಓದು ಎಂದು ಹೇಳಿದ್ದೇನೆ. ನಿಮಗೂ ಅದನ್ನೇ ಹೇಳುತ್ತೇನೆ. ಮಲಗಿ ಓದಿ, ಒಲೆಯ ಮುಂದೆ ಓದಿ, ಪುಟದ ಮೂಲೆ ಮಡಿಸಿ, ಜಗಳವಾಡಿ. ಮೂವರ ಪುಸ್ತಕಗಳೂ ಹೊರಗಿನ ಮೇಜಿನ ಮೇಲಿವೆ. ಊಟ ಮುಗಿಸಿ ಹಾಗೆಯೇ ಬನ್ನಿ, ಕೈ ತೊಳೆಯದಿದ್ದರೂ ನಡೆಯುತ್ತದೆ.

ನಮಸ್ಕಾರ.