ಮ್ಯಾಗಜೀನಿಗೆ ಕಚ್ಚು ತೋಡಿದ ಕೈ

ನಾನು ಲುಡ್ವಿಕ್ ಸ್ಕೋವ್ರೋನ್, ತಂದೆ ದಿವಂಗತ ಆಂಟೋನಿ, ವಯಸ್ಸು 71, ವಿಧುರ, ಬಂದೂಕು ಕಾರ್ಖಾನೆಯ ನಿವೃತ್ತ ಟೂಲ್‌ಮೇಕರ್, ವಾಸ ಮ್ಯಾಸಚೂಸೆಟ್ಸಿನ ಹಾರ್ಟ್ಸ್‌ಬ್ರೂಕ್, ಕೋಸ್ ಬೀದಿ, ಎರಡನೇ ಮಹಡಿ. ಸಾರ್ಜೆಂಟ್ ಗೊಡ್ರೋ ಅವರು ಕೇಳಿದ್ದರಿಂದ, ಯಾರ ಒತ್ತಾಯವೂ ಇಲ್ಲದೆ, ಈ ಮೂಲಕ ತಿಳಿಸುವುದೇನೆಂದರೆ:

ದಿನಾಂಕ 17-10-2009, ಶನಿವಾರ ಬೆಳಿಗ್ಗೆ 11.20ಕ್ಕೆ ನನ್ನ ಹೆಂಡತಿಯ ಅಕ್ಕನ ಮಗಳು ಡೊರೋಟಾ ಮಾಜೂರ್, 44 ವರ್ಷ, ಶಾಲಾ ಬಸ್ಸಿನ ಚಾಲಕಿ, ನನ್ನ ಮನೆಗೆ ಬಂದಳು. ಮರುದಿನ ಗನ್ ಕ್ಲಬ್ಬಿನಲ್ಲಿ ಗುರಿಯ ಸ್ಪರ್ಧೆಯಿತ್ತು. ನನ್ನ ಹೆಂಡತಿ ಯದ್ವಿಗಾ ಬಿಟ್ಟುಹೋದ, ಹದಿನೈದು ಗುಂಡು ಹಿಡಿಯುವ ಪಿಸ್ತೂಲಿನ ಮ್ಯಾಗಜೀನು ಡೊರೋಟಾಳಿಗೆ ಬೇಕಿತ್ತು. ಅದು 1994ರ ಸೆಪ್ಟೆಂಬರಿಗೆ ಮುಂಚೆ ತಯಾರಾದದ್ದು, ಆದ್ದರಿಂದ ಇಟ್ಟುಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. ಆಮೇಲಿನದಾದರೆ ಹತ್ತು ಗುಂಡಿಗೆ ನಿಲ್ಲಬೇಕು. ಆದರೆ ಡೊರೋಟಾಳ ಪಿಸ್ತೂಲು 2007ರ ಮಾದರಿ. ಪಕ್ಕದಲ್ಲಿ ಬೇರೆ ಕಚ್ಚು ತೋಡದೆ ಅದಕ್ಕೆ ಕೂರುವುದಿಲ್ಲ.

ತೋಡಿಕೊಡಿ ಚಿಕ್ಕಪ್ಪಾ, ನಿಮಗೇನು ಅರ್ಧ ಗಂಟೆ ಕೆಲ್ಸ ಅಂದಳು. ಹಳೆಯದನ್ನು ತೋಡಿ ಹೊಸ ಬಂದೂಕಿಗೆ ಕೂರಿಸಿದರೆ ಅದು ಹಳೆಯದಾಗಿಯೇ ಉಳಿಯುತ್ತದೋ, ಇವತ್ತು ತಯಾರಾದ ಹೊಸದಾಗುತ್ತದೋ, ಯಾರೂ ಖಚಿತವಾಗಿ ಹೇಳುವುದಿಲ್ಲ ಎಂದೆ. ಇದನ್ನೇ 2006ರಲ್ಲಿ ಒಬ್ಬ ವಕೀಲರನ್ನು ಕೇಳಿದ್ದೆ. ಅವರು ನಲವತ್ತು ನಿಮಿಷ ಕೂರಿಸಿಕೊಂಡು, ಪೊಲೀಸರನ್ನು ಕೇಳಿ ಅಂದಿದ್ದರು. ಸಂಜೆ ಕಾಲೇಜಿನಲ್ಲಿ ಇಂಥದ್ದಕ್ಕೊಂದು ಇಂಗ್ಲಿಷ್ ಪದ ಹೇಳಿಕೊಟ್ಟಿದ್ದರು, ಅರ್ಧ ಮಾತ್ರ ನೆನಪಿದೆ, ಬರೆಯುವುದಿಲ್ಲ.

ಡೊರೋಟಾ ನಕ್ಕು, ಚಿಕ್ಕಮ್ಮ ಇದ್ದಿದ್ರೆ ಕಾಫಿ ಆರೋದ್ರೊಳಗೆ ಮಾಡಿ ಕೈಗಿಡ್ತಿದ್ಳು ಅಂದಳು. ನಿನ್ನ ಚಿಕ್ಕಮ್ಮ ಎಡಗೈಯವಳು, ಅವಳಿಗೆ ಕಾನೂನೂ ಎಡಗಡೆಗೇ ಇತ್ತು ಎಂದೆ. ನಾನೂ ಎಡಗೈನೇ, ಆದ್ರೆ ಅರ ಹಿಡಿಯೋಕೆ ಬರಲ್ವಲ್ಲ, ಬಿಡಿ, ಚಿಕ್ಕಮ್ಮನ್ನೇ ಕೇಳ್ತೀನಿ ಅಂದು 11.50ಕ್ಕೆ ಹೋದಳು.

ಮ್ಯಾಗಜೀನು ಅಡಿಗೆಮನೆಯ ಮೇಜಿನ ಮೇಲಿತ್ತು. 12.30ಕ್ಕೆ ಎಲೆಕೋಸಿನ ಸೂಪು ಕುಡಿದೆ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ 1.10ಕ್ಕೆ ಮಲಗಿದೆ. 3.35ಕ್ಕೆ ಎಚ್ಚರವಾದಾಗ ಚಿಲಕ ಹಾಕಿದಂತೆಯೇ ಇತ್ತು. ಮನೆಯಲ್ಲಿ ಲೋಹ ಕೊರೆಯುವಾಗ ಹಾಕುವ ಎಣ್ಣೆಯ ವಾಸನೆಯಿತ್ತು. ಯದ್ವಿಗಾಳ ಕೂದಲಿಗೆ ಆ ವಾಸನೆ ಇರುತ್ತಿತ್ತು. ಅವಳು ತೀರಿಕೊಂಡದ್ದು 9-11-1993. ಆಮೇಲೆ ಆ ಎಣ್ಣೆ ನಮ್ಮ ಮನೆಯಲ್ಲಿಲ್ಲ.

ಮ್ಯಾಗಜೀನಿಗೆ ಕಚ್ಚು ತೋಡಲಾಗಿತ್ತು. ಅರದ ಗೀರುಗಳು ಎಡಗೈಯವರ ಓರೆಯಲ್ಲಿದ್ದವು. ನಾವಿಬ್ಬರೂ ಕೆಲಸ ಮಾಡಿದ ಕಾರ್ಖಾನೆಯ 212 ಜನರಲ್ಲಿ ಹಾಗೆ ಅರ ಹಾಕುತ್ತಿದ್ದವಳು ಯದ್ವಿಗಾ ಒಬ್ಬಳೇ. ಮುಗಿದ ಮೇಲೆ, ಯಾರ ಬೆರಳೂ ಕುಯ್ಯದಿರಲಿ ಎಂದು, ಅಂಚಿನ ಮೇಲೆ ಮೂರು ಸಲ ಹೆಬ್ಬೆರಳಾಡಿಸಿ ನೋಡುವಳು. ಈ ಅಂಚೂ ಅಷ್ಟೇ ನುಣ್ಣಗಿತ್ತು.

4.05ಕ್ಕೆ ಡೊರೋಟಾ ಗಸಗಸೆ ಕೇಕು ಹಿಡಿದುಕೊಂಡು ಬಂದಳು. ಮೇಜು ನೋಡಿ ನನ್ನ ಕೆನ್ನೆ ಹಿಂಡಿ, ಕಳ್ಳ ಚಿಕ್ಕಪ್ಪ, ಎದುರಿಗೆ ಪಾಠ ಹೇಳಿ ಹಿಂದಿನಿಂದ ಮಾಡಿಟ್ಟಿದ್ದೀರಲ್ಲ ಅಂದಳು. ಮಾಡಿದವನು ನಾನಲ್ಲ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಹದಿನಾರು ವರ್ಷದ ಮೇಲೆ ಯದ್ವಿಗಾಳ ಕೆಲಸ ನೋಡುತ್ತಿದ್ದೆ. ಡೊರೋಟಾ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಹೋದಳು.

ಭಾನುವಾರ ಬೆಳಿಗ್ಗೆ 10.20ಕ್ಕೆ ಕ್ಲಬ್ಬಿನ ತಪಾಸಣೆಯಲ್ಲಿ ಸಾರ್ಜೆಂಟರು ಹೊಸ ಕಚ್ಚು ಕಂಡು ಅವಳನ್ನು ಠಾಣೆಗೆ ಕರೆತಂದರು. 11.05ಕ್ಕೆ ಫೋನು ಬಂತು. ಚಿಕ್ಕಪ್ಪಾ, ಬಸ್ಸಿನ ಕೆಲ್ಸಾನೂ ಹೋಯ್ತು, ನಾನೂ ಹೋದೆ, ವರ್ಷಗಟ್ಲೆ ಜೈಲಂತೆ, ಬಂದು ನಿಜ ಹೇಳಿ ಅಂದಳು. ನಾನು 1.4 ಮೈಲಿ ನಡೆದು 12.00ಕ್ಕೆ ಠಾಣೆ ತಲುಪಿ, ತೋಡಿದ್ದು ನಾನೇ ಎಂದೆ. ಆ ಗಳಿಗೆಯಲ್ಲಿ ಅದು ಸುಳ್ಳು ಎಂದೇ ನಂಬಿದ್ದೆ.

ಸಾರ್ಜೆಂಟರ ತಂದೆಯೂ ನಮ್ಮ ಕಾರ್ಖಾನೆಯವರು. ಅವರು ಕಚ್ಚನ್ನು ದೀಪಕ್ಕೆ ಹಿಡಿದು, ಅಜ್ಜಾ, ನೀವು ಬಲಗೈಯವರು, ಇದು ಎಡಗೈ ಕೆಲ್ಸ, ಡೊರೋಟಾ ಎಡಗೈಯವಳು, ಸುಮ್ನೆ ಮನೆಗೆ ಹೋಗಿ ಅಂದರು. ಮಾಡಿ ತೋರಿಸುತ್ತೇನೆ ಎಂದೆ. 1.15ಕ್ಕೆ ಒಂದು ಹಿತ್ತಾಳೆ ಪಟ್ಟಿ, ಒಂದು ಅರ ತರಿಸಿದರು. ಬಲಗೈಯಲ್ಲಿ ಆರು ಸಲ ಎಳೆದೆ. ಗೀರು ಉಲ್ಟಾ ಬಿತ್ತು. ಸಾಕು ಬಿಡಿ ಅಜ್ಜಾ ಅಂದು ಅರ ತೆಗೆದುಕೊಳ್ಳಲು ಕೈ ಚಾಚಿದರು.

ಆಗ ಅರ ನನ್ನ ಎಡಗೈಗೆ ಹೋಯಿತು. 1971ರಲ್ಲಿ ಕಾರ್ಖಾನೆಯ ಪ್ರೆಸ್ಸು ಯಂತ್ರಕ್ಕೆ ಸಿಕ್ಕ ಮೇಲೆ ಆ ಕೈಯ ಎರಡು ಬೆರಳು ಮಡಚುವುದಿಲ್ಲ, ಚಮಚವೂ ನಿಲ್ಲುವುದಿಲ್ಲ. ಆಸ್ಪತ್ರೆಯ ಕಾಗದ ಮನೆಯಲ್ಲಿದೆ. ಬೆರಳುಗಳು ಮಡಚಿದವು. ನಾಲ್ಕು ನಿಮಿಷ ಕೈ ತಾನಾಗಿ ಕೆಲಸ ಮಾಡಿತು. ಆಮೇಲೆ ಹೆಬ್ಬೆರಳು ಅಂಚಿನ ಮೇಲೆ ಮೂರು ಸಲ ಹೋಯಿತು. ಸಾರ್ಜೆಂಟರು ಎರಡು ಕಚ್ಚುಗಳನ್ನೂ ಭೂತಗನ್ನಡಿಯಲ್ಲಿ ನೋಡಿದರು. ಒಂದು ಲೋಟ ನೀರು ಕುಡಿದರು. ಡೊರೋಟಾಳನ್ನು ಬಿಡಿ ಎಂದು ಹೊರಗೆ ಕೂಗಿ ಹೇಳಿದರು.

2.30ಕ್ಕೆ ಡೊರೋಟಾ ನನ್ನ ಮುಂದೆ ಬಂದು ಅಳುತ್ತ, ನಾನು ಕರೆದಿದ್ದಕ್ಕೆ ಈಗ ನಿಮಗೇ ಜೈಲಾಯ್ತಲ್ಲ ಚಿಕ್ಕಪ್ಪಾ ಅಂದಳು. ನನ್ನ ಎಡಗೈ ಎದ್ದು ಅವಳ ಹಣೆಯ ಕೂದಲನ್ನು ಕಿವಿಯ ಹಿಂದೆ ಸರಿಸಿತು. ನನಗೆ ಆ ಅಭ್ಯಾಸವಿಲ್ಲ. ಅವಳು ಅಳು ನಿಲ್ಲಿಸಿ ನನ್ನ ಮುಖ ನೋಡಿದಳು, ಆಮೇಲೆ ಮನೆಗೆ ಹೋದಳು.

ತೋಡಿದವರ ಹೆಸರು ಎಂಬಲ್ಲಿ ನನ್ನ ಹೆಸರು ಬರೆಯಲು ಒಪ್ಪಿದ್ದೇನೆ. ಹಳೆಯದೋ ಹೊಸದೋ ಎಂಬುದನ್ನು ನ್ಯಾಯಾಧೀಶರು ಹೇಳಲಿ. ಒಂದೇ ವಿನಂತಿ: ಬೇಡಿಯನ್ನು ಬೆನ್ನ ಹಿಂದೆ ಹಾಕಬೇಡಿ, ಮುಂದೆ ಹಾಕಿ, ಒಂದು ಕೈ ಇನ್ನೊಂದನ್ನು ಹಿಡಿದುಕೊಳ್ಳುವಷ್ಟು ಹತ್ತಿರಕ್ಕೆ.

ಇಷ್ಟನ್ನು ನನಗೆ ಓದಿ ಹೇಳಿದರು. ನಾನು ಕಂಡಂತೆ ಸತ್ಯವಾಗಿದೆ, ತಿದ್ದುವುದೇನಿಲ್ಲ.

ಸ್ಥಳ: ಹಾರ್ಟ್ಸ್‌ಬ್ರೂಕ್ ಠಾಣೆ
ದಿನಾಂಕ: 18-10-2009, ಸಂಜೆ 4.50
(ಸಹಿ) ಲುಡ್ವಿಕ್ ಸ್ಕೋವ್ರೋನ್