ಕೆಂಪು ದಾರದ ಏಳು ಚೀಲ

ಸುಬ್ಬಮ್ಮ ಕೋಂ ಲೇಟ್ ಕೆಂಪಣ್ಣ, 54 ವರ್ಷ, ಕಸುಬು: ಭತ್ತದ ಹೊಟ್ಟಿನ ಪುಡಿಯನ್ನು ಪ್ಲಾಸ್ಟಿಕ್ಕಿಗೆ ಬೆರೆಸಿ ನರ್ಸರಿ ಕುಂಡ ಮಾಡುವುದು, ವಾಸ: ದುದ್ದ ಗ್ರಾಮ, ಹಾಸನ ತಾಲ್ಲೂಕು. ಈ ದಿನ ಠಾಣೆಗೆ ನಾನಾಗಿಯೇ ಬಂದು ಬರೆಸುತ್ತಿರುವ ಹೇಳಿಕೆ ಇದು. ಸಮಯಗಳನ್ನು ನನ್ನ ದಿನಚರಿ ಪುಸ್ತಕ ನೋಡಿ ಹೇಳುತ್ತಿದ್ದೇನೆ.

ದಿನಾಂಕ 01-08-2025ರಂದು ನನ್ನ ಯಜಮಾನರು ಹೊಳೆನರಸೀಪುರದ ಅಕ್ಕಿ ಗಿರಣಿಯಿಂದ ತಂದ ಹೊಟ್ಟನ್ನು ಪುಡಿ ಮಾಡಿ, ಏಳು ಚೀಲ ತುಂಬಿ ಶೆಡ್ಡಿನೊಳಗೆ ಬಾಗಿಲ ಬಳಿ ಇಟ್ಟರು. ಮಳೆಯ ಕಾರಣ ಪುಡಿ ಒಣಗಿಸಿರಲಿಲ್ಲ. ಒಣಗಿಸದ ಚೀಲಕ್ಕೆ ಕೆಂಪು ದಾರ, ಒಣಗಿಸಿದ್ದಕ್ಕೆ ಬಿಳಿ ದಾರ ಕಟ್ಟುವುದು ನಮ್ಮ ಪದ್ಧತಿ. ಪುಡಿಯಲ್ಲಿ ತೇವವಿದ್ದರೆ ಯಂತ್ರದ ಬಿಸಿಗೆ ಆವಿ ಎದ್ದು ಕುಂಡದ ಮೈಮೇಲೆ ಬೊಬ್ಬೆ ಬರುತ್ತದೆ. ಮರುದಿನ ಬೆಳಿಗ್ಗೆ 6-10ಕ್ಕೆ ಯಜಮಾನರು ಎದೆನೋವಿನಿಂದ ತೀರಿಕೊಂಡರು. ಶೆಡ್ಡಿಗೆ ಬೀಗ ಹಾಕಿದೆವು.

ದಿನಾಂಕ 12-08-2025ರಂದು ಹನ್ನೊಂದನೇ ದಿನದ ತಿಥಿ. ಮಧ್ಯಾಹ್ನ 1-00 ಗಂಟೆಗೆ ಶೆಡ್ಡಿನಿಂದ ಸುಮಾರು 300 ಮೀಟರ್ ದೂರದ ನಮ್ಮ ಮನೆಯಲ್ಲಿ ಊಟ ಶುರುವಾಯಿತು. ಕೆಲಸಗಾರ ಪರಮೇಶ್ ಬಡಿಸಲೆಂದು ಅಂಗಿ ಬಿಚ್ಚಿ ಜಗಲಿಯ ಮೊಳೆಗೆ ಹಾಕಿದ್ದ. ಶೆಡ್ಡಿನ ಬೀಗದ ಕೈ ಅದರ ಜೇಬಿನಲ್ಲಿತ್ತು. ಅರಕಲಗೂಡಿನಲ್ಲಿ ಕುಂಡ ಮಾಡುವ ಅನಿಲ್‌ಕುಮಾರ್ ತಮ್ಮ ಗೂಡ್ಸ್ ಆಟೋದಲ್ಲಿ ಬಂದಿದ್ದರು. ಪಾಯಸ ಬಡಿಸುವ ಮೊದಲೇ ಎದ್ದುಹೋದರು. 3-15ಕ್ಕೆ ನೋಡಲಾಗಿ ಶೆಡ್ಡಿನ ಬೀಗ ತೆಗೆದಿತ್ತು, ಒಡೆದಿರಲಿಲ್ಲ. ಕೆಂಪು ದಾರದ ಏಳು ಚೀಲವೂ ಇರಲಿಲ್ಲ. ಒಳಗಿದ್ದ ಬಿಳಿ ದಾರದ ಇಪ್ಪತ್ತು ಚೀಲ ಹಾಗೆಯೇ ಇದ್ದವು. ಅಂದಿನಿಂದ ಊರಿನಲ್ಲಿ ಪರಮೇಶನನ್ನು ಕಳ್ಳ ಎನ್ನುತ್ತಿದ್ದಾರೆ.

ದಿನಾಂಕ 18-08-2025ರಂದು ಬೆಳಿಗ್ಗೆ 10-40ಕ್ಕೆ ಚನ್ನರಾಯಪಟ್ಟಣದಲ್ಲಿ ನರ್ಸರಿ ಇಟ್ಟಿರುವ ಲಕ್ಕಮ್ಮನವರು ನಮ್ಮ ಮನೆಗೆ ಬಂದು, ಬೊಬ್ಬೆ ಬಂದ ಒಂದು ಕುಂಡ ತೋರಿಸಿ, "ಏನ್ ಸುಬ್ಬಮ್ಮಾರೇ, ಕುಂಡುಕ್ಕೂ ಅಮ್ಮ ಎದ್ದವ್ಳಲ್ಲ!" ಎಂದು ನಕ್ಕರು. ನಾನು, "ಇದು ನಮ್ದಲ್ಲ ಕಣವ್ವ, ಯಾರೋ ಹಸಿ ಪುಡಿ ಹಾಕವ್ರೆ" ಎಂದೆ. ಅನಿಲ್‌ಕುಮಾರ್ ಅವರಿಂದ ಕೊಂಡಿದ್ದೆಂದು ಅವರು ತಿಳಿಸಿದರು. ಕೂಡಲೇ ಠಾಣೆಗೆ ತಿಳಿಸಿದೆನು.

ಈ ದಿನ 11-20ಕ್ಕೆ ಪೊಲೀಸರೊಂದಿಗೆ ನಾನೂ ಪರಮೇಶನೂ ಅರಕಲಗೂಡಿನ ಅನಿಲ್‌ಕುಮಾರ್ ಅವರ ಶೆಡ್ಡಿಗೆ ಹೋದೆವು. ಆರು ಖಾಲಿ ಚೀಲ, ಬಿಚ್ಚದ ಒಂದು ಚೀಲ ಸಿಕ್ಕವು. ಮೂಲೆಯಲ್ಲಿ ಕೆಟ್ಟ ಕುಂಡಗಳು ಸೊಂಟದೆತ್ತರ ಬಿದ್ದಿದ್ದವು. ಪರಮೇಶ್, "ಅಣ್ಣೋ, ಕೆಂಪು ದಾರ ಅಂದ್ರೆ ಹಸಿ ಕಣಣ್ಣೋ. ಕದಿಯೋಕ್ ಮುಂಚೆ ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ?" ಎಂದನು. ಅನಿಲ್‌ಕುಮಾರ್, "ಬಾಗ್ಲತ್ರ ಇದ್ದಿದ್ದ ಎತ್ಕಂಡ್ ಬಂದೆ, ನಂಗೇನ್ಲಾ ಗೊತ್ತು?" ಎಂದುಬಿಟ್ಟು ತಲೆ ತಗ್ಗಿಸಿದರು.

ಪರಮೇಶ್ ಆರು ವರ್ಷದಿಂದ ನಮ್ಮಲ್ಲಿ ಪುಡಿ ಒಣಗಿಸುತ್ತಿದ್ದಾನೆ. ಕದಿಯುವವನೇ ಆಗಿದ್ದರೆ ಬಿಳಿ ದಾರದ ಚೀಲ ಒಯ್ಯುತ್ತಿದ್ದ. ಅವನು ಕದ್ದಿಲ್ಲ, ಇದರಲ್ಲಿ ನನಗೆ ಅನುಮಾನವಿಲ್ಲ. ಈ ಮಾತನ್ನು ನಮ್ಮೂರಿನಲ್ಲಿ ಪೊಲೀಸರೇ ಬಂದು ಹೇಳಬೇಕೆಂದು ಕೋರುತ್ತೇನೆ.

ಬಿಚ್ಚದ ಚೀಲವನ್ನು ಗುರುತಿಸಿದ್ದೇನೆ. ನನ್ನ ಯಜಮಾನರು ಎಡಚರು, ಅವರು ಹಾಕಿದ ಗಂಟು ಎಡಕ್ಕೆ ತಿರುಗಿರುತ್ತದೆ. ಪರೀಕ್ಷೆಗೆ ಪುಡಿ ಬೇಕಾದಲ್ಲಿ ಚೀಲದ ತಳದ ಹೊಲಿಗೆ ಬಿಚ್ಚಿ ತೆಗೆದುಕೊಳ್ಳಬೇಕು. ಬಾಯಿಯ ಗಂಟು ಬಿಚ್ಚಬಾರದು.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಹೇಳಿದ್ದೆಲ್ಲ ನಿಜ.

ಸ್ಥಳ: ಹಾಸನ
ದಿನಾಂಕ: 19-08-2025, ಸಂಜೆ 4-30
ಸಹಿ: ಸುಬ್ಬಮ್ಮ