ದೇವಿದಾಸ ಬೆರೆಸಿದ ಎರಡು ಚೀಲ

ಎಲ್ಲರಿಗೂ ನಮಸ್ಕಾರ. ಹಾರವಾಡದಿಂದ ಬಂದ ಬಂಧುಗಳಿಗೆ, ಅಂಕೋಲೆಯ ಹಿರಿಯರಿಗೆ, ಶಿರವಾಡದ ನಮ್ಮ ಪೈಪ್ ಕಾರ್ಖಾನೆಯ ಗೆಳೆಯರಿಗೆ — ಮುಂದಿನ ಸಾಲಿನಲ್ಲಿ ಕುಳಿತಿರುವ ದೇವಿದಾಸನ ಹೆಂಡತಿ ದಮಯಂತಿ ವೈನಿಗೆ, ಮಗಳು ರೂಪಾಲಿಗೆ.

ನಾನು ಗಿರಿಧರ. ದೇವಿದಾಸ ಹತ್ತೊಂಬತ್ತು ವರ್ಷ ಒಂದನೇ ಮಶಿನ್ ಮುಂದೆ ನಿಂತ, ನಾನು ಎರಡನೇ ಮಶಿನ್ ಮುಂದೆ. ನಡುವೆ ಆರು ಅಡಿ. ಆರೇ ಅಡಿ — ನಾನಿರುವಲ್ಲಿಂದ ಆ ಹೂಮಾಲೆ ಹಾಕಿದ ಫೋಟೋದವರೆಗೆ, ಅಷ್ಟೇ.

ಮಾತಾಡಲು ಬರೆದುಕೊಂಡು ಬಂದಿದ್ದೆ. ಸರಳ, ಸಜ್ಜನ, ಮಿತಭಾಷಿ ಎಂದೆಲ್ಲ ಬರೆದಿದ್ದೆ. ಬಸ್ಸಿನಲ್ಲಿ ಇನ್ನೊಮ್ಮೆ ಓದಿ ಮಿತಭಾಷಿ ಎನ್ನುವುದನ್ನು ಹೊಡೆದುಹಾಕಿದೆ. ನಗಿ, ಅಡ್ಡಿಲ್ಲ. ಅವನ ಬಾಯಿ ನಿಮಗೂ ಗೊತ್ತು. ಉಳಿದ ಎರಡು ಶಬ್ದದಲ್ಲಿ ಭಾಷಣ ಆಗುವುದಿಲ್ಲ. ಹಾಗಾಗಿ ಹದಿನೈದು ದಿನಗಳಿಂದ ನನ್ನ ತಲೆ ಕೊರೆಯುತ್ತಿರುವ ಒಂದು ಗೊಂದಲವನ್ನೇ ನಿಮ್ಮ ಮುಂದೆ ಇಡುತ್ತೇನೆ. ಇಂಥ ಸಭೆಗೆ ಇದು ತಕ್ಕ ಮಾತೋ ಅಲ್ಲವೋ — ಅದೂ ನನಗೆ ಗೊತ್ತಿಲ್ಲ.

ನಾಲ್ಕು ವರ್ಷದ ಹಿಂದೆ ವೈನಿಯ ಅಣ್ಣ ತುಳಸಿದಾಸರ ಬೋಟು ಸಮುದ್ರದ ನಡುವೆ ನಿಂತುಹೋಯಿತು. ಎಂಜಿನ್ ತಂಪಾಗಿಡಲು ಕೂಲಂಟ್ ಅಂತ ಒಂದು ದ್ರವ ಓಡುತ್ತಿರುತ್ತದಲ್ಲ, ಅದನ್ನು ಒಯ್ಯುವ ರಬ್ಬರ್ ಪೈಪು ಒಡೆದಿತ್ತು. ಇನ್ನೊಂದು ಬೋಟು ಎಳೆದುಕೊಂಡು ದಡಕ್ಕೆ ತಂತು. ಮರುದಿನ ದೇವಿದಾಸ ಆ ಒಡೆದ ಪೈಪನ್ನು ಊಟದ ಡಬ್ಬಿಯ ಚೀಲದಲ್ಲಿ ಹಾಕಿಕೊಂಡು ಕಾರ್ಖಾನೆಗೆ ಬಂದ. ನನ್ನ ಮೂಗಿನ ಹತ್ತಿರ ಹೀಗೆ ಹಿಡಿದ.

"ನೋಡಾ ಗಿರಿ. ಒಳಗಿಂದ ಸುಡೋ ಕೂಲಂಟು, ಹೊರಗಿಂದ ಡೀಸೆಲ್ಲು, ಉಪ್ಪುಗಾಳಿ. ಒಂದೇ ಜಾತಿ ಪೈಪು ಎರಡೂ ಬದಿ ಹೆಂಗೆ ತಡೀಬೇಕು ಹೇಳು?"

ಪದರ ಪದರದ ಪ್ಲಾಸ್ಟಿಕ್ ಪೈಪು ಹೊಸದಲ್ಲ. ಒಳಗೆ ಕೂಲಂಟ್ ತಡೆಯುವ ಒಂದು ಪ್ಲಾಸ್ಟಿಕ್, ಹೊರಗೆ ಡೀಸೆಲ್ ತಡೆಯುವ ಇನ್ನೊಂದು — ದೊಡ್ಡ ಕಂಪನಿಯವರು ಮಾಡುತ್ತಾರೆ. ಆದರೆ ಆ ಎರಡಕ್ಕೂ ಒಂದಕ್ಕೊಂದು ಆಗಿಬರುವುದಿಲ್ಲ. ಅದಕ್ಕೆ ನಡುವೆ ಬೇರೆ ಅಂಟಿನ ಪದರ ಹಾಕುತ್ತಾರೆ. ದೇವಿದಾಸ ಆ ಅಂಟನ್ನೇ ಬಿಟ್ಟ. ಒಳಗಿನ ಪ್ಲಾಸ್ಟಿಕ್ಕಿನ ಚೂರು, ಹೊರಗಿನದರ ಚೂರು, ಎರಡನ್ನೂ ಒಟ್ಟಿಗೆ ಕರಗಿಸಿ ನಡುವಿನ ಪದರ ಮಾಡಿದ. ಜೊತೆಗೆ ಇನ್ನೇನೋ ಒಂದು ಚಿಟಿಕೆ. ಅದರ ಹೆಸರು ಪೇಟೆಂಟ್ ಅರ್ಜಿಯಲ್ಲಿದೆ, ನನ್ನ ನಾಲಿಗೆ ಮೇಲೆ ನಿಲ್ಲುವುದಿಲ್ಲ. ಹದ ಸಿಗಲು ಒಂದು ವರ್ಷ ಹಿಡಿಯಿತು. ಮಾಲೀಕರು ಒಪ್ಪಿದರು, ದೇವಿದಾಸ ತನ್ನ ಹೆಸರಿನಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ. ಅರ್ಜಿ ಹೋದ ಮೇಲೆಯೇ ಪೈಪು ಬೋಟಿಗೆ ಹೋಗಬೇಕು, ಮೊದಲೇ ಬಳಕೆಗೆ ಬಂದರೆ ಪೇಟೆಂಟ್ ಸಿಗುವುದಿಲ್ಲ ಎಂದು ರೂಪಾಲಿ ಹಟ ಹಿಡಿದಳು. ಹಾಗೆಯೇ ಆಯಿತು. ಎರಡು ಸೀಸನ್ ಓಡಿತು. ತುಳಸಿದಾಸರೇ, ಒಂದು ಸಲವಾದರೂ ಸೋರಿತೇ? — ಇಲ್ಲ ಎಂದು ತಲೆ ಅಲ್ಲಾಡಿಸುತ್ತಿದ್ದಾರೆ, ನೋಡಿ.

ಈಗ ನಮ್ಮ ಕಾರ್ಖಾನೆಯ ಒಂದು ಪದ್ಧತಿ ಹೇಳಬೇಕು. ಓಡುತ್ತಿರುವ ಮಶಿನ್ನನ್ನು ನಮ್ಮಲ್ಲಿ ಯಾರೂ ಹೊಗಳುವುದಿಲ್ಲ. ಹೊಗಳಿದರೆ ದೃಷ್ಟಿ ತಾಗಿ ಸಂಜೆಯೊಳಗೆ ನಿಲ್ಲುತ್ತದೆ. ಪೈಪು ಎಷ್ಟೇ ಚೆಂದ ಬರಲಿ, "ಅಡ್ಡಿಲ್ಲ" ಅನ್ನಬೇಕು, ಮುಂದೆ ಹೋಗಬೇಕು. ದೇವಿದಾಸನ ಪೈಪಿಗೂ ನಾನು ಅಷ್ಟೇ ಅಂದೆ. ಅಡ್ಡಿಲ್ಲ.

ಐದು ತಿಂಗಳ ಹಿಂದೆ ಪೇಟೆಂಟ್ ಕಚೇರಿಯ ಆಕ್ಷೇಪಣೆ ಬಂತು. ಅದು ಇಂಗ್ಲಿಷಿನಲ್ಲಿತ್ತು. ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ರೂಪಾಲಿ ಫೋನ್ ಮಾಡಿ ಅದನ್ನು ಓದಿ ಕನ್ನಡದಲ್ಲಿ ಹೇಳಿದಳು, ಎಲ್ಲರಿಗೂ ಕೇಳುವಂತೆ ದೇವಿದಾಸ ಸ್ಪೀಕರ್ ಹಾಕಿದ್ದ. ಪದರದ ಪೈಪು ಮೊದಲೇ ಇದೆ. ಚೂರು ಕರಗಿಸಿ ಮತ್ತೆ ಬಳಸುವುದೂ ಮೊದಲೇ ಇದೆ. ಎರಡನ್ನೂ ಸೇರಿಸುವುದು ಈ ಕಸುಬು ಬಲ್ಲ ಸಾಧಾರಣ ಮನುಷ್ಯನಿಗೆ ತಾನಾಗಿಯೇ ಹೊಳೆಯುವಂಥದ್ದು. ಹೀಗಿರುವಾಗ ಪೇಟೆಂಟ್ ಏಕೆ ಕೊಡಬೇಕು?

ದೇವಿದಾಸ ಅನ್ನ ಕಲಸುತ್ತಿದ್ದವನು ಕೈ ನಿಲ್ಲಿಸಿದ. "ಯಾರಂತೆ ಆ ಸಾಧಾರಣ ಮನುಷ್ಯ? ಎಲ್ಲಿಯವ? ಹೋಗಿ ಕೇಳ್ಕಂಡೇ ಬರ್ವಾ."

"ಅಪ್ಪಾ, ಅಂಥವ ಎಲ್ಲೂ ಇಲ್ಲ. ಅದು ಕಾನೂನಿನವರು ಮನಸ್ಸಲ್ಲೇ ಮಾಡ್ಕೊಂಡ ಮನುಷ್ಯ."

ದೇವಿದಾಸ ನನ್ನ ಕಡೆ ತಿರುಗಿದ. "ಇಲ್ಲೇ ಕುಂತಾನಲ್ಲೇ! ನನ್ನಷ್ಟೇ ವರ್ಷ ಕೆಲ್ಸ ಮಾಡಿದವ, ನನ್ನಷ್ಟೇ ಸಾಧಾರಣ!"

ನಾವೆಲ್ಲ ನಕ್ಕೆವು. ಆದರೆ ಅರ್ಜಿ ನೋಡಿಕೊಳ್ಳುವ ಹುಬ್ಬಳ್ಳಿಯ ಮೇಡಂ ಕೂಡ ಅದನ್ನೇ ಕೇಳಿದರು. ಇದೇ ಕಸುಬಿನ, ಇಷ್ಟೇ ಅನುಭವದ ಒಬ್ಬರು, ಇದು ತನಗೆ ಏಕೆ ಹೊಳೆದಿರಲಿಲ್ಲ ಎಂದು ಬರೆದು ಸಹಿ ಹಾಕಿದರೆ ಉತ್ತರಕ್ಕೆ ಬಲ ಬರುತ್ತದೆ ಅಂದರು. ದೇವಿದಾಸ ಕಾಗದ ಹಿಡಿದು ಬಂದ. ಒಂದಲ್ಲ, ಮೂರು ಸಲ.

ನಾನು ಏನಂದೆ ಗೊತ್ತೇ? "ಇದ್ರಲ್ಲೆಂತ ಉಂಟಾ ದೊಡ್ಡದು? ಯಾರಿಗಾದ್ರೂ ಹೊಳೀತಿತ್ತು."

ದೃಷ್ಟಿ ತಾಗಬಾರದು ಎಂದು ಅಂದೆನೋ, ಹೊಟ್ಟೆಕಿಚ್ಚಿಗೆ ಅಂದೆನೋ — ಇವತ್ತಿಗೂ ಗೊತ್ತಿಲ್ಲ. ಎರಡು ಸಲ ನಕ್ಕು ಹೋದ. "ಹಂಗಾರೆ ನೀನೇ ಮೊದ್ಲು ಮಾಡ್ಬೇಕಿತ್ತಲ್ಲಾ ಮಾರಾಯಾ" ಅಂದ. ಮೂರನೇ ಸಲ ನಗಲಿಲ್ಲ. ಕಾಗದ ಮಡಚಿ ಕಿಸೆಗೆ ಹಾಕಿಕೊಂಡ. ಮರುವಾರ ಬಾಳೆಗುಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಎದೆ ನೋಯುತ್ತದೆ ಅಂದನಂತೆ. ಆಸ್ಪತ್ರೆ ಮುಟ್ಟಲಿಲ್ಲ.

ಅವನು ತೀರಿಕೊಂಡ ಐದನೇ ದಿನ ರೂಪಾಲಿ ಅದೇ ಕಾಗದ ತಂದಳು. ಮಡಿಕೆಯ ಗುರುತು ಹಾಗೇ ಇತ್ತು. "ಕಾಕಾ, ಇಪ್ಪತ್ತೆಂಟಕ್ಕೆ ಕೊನೇ ದಿನ. ನಂಗೋಸ್ಕರ ಸುಳ್ಳು ಬರೀಬೇಡಿ. ನಿಮ್ಗೆ ಹೊಳೆದಿತ್ತಾ, ಇಲ್ವಾ? ಅಷ್ಟೇ ಬರೀರಿ. ಅಪ್ಪನ ಹೆಸ್ರು ಆ ಪೈಪಿನ ಮೇಲೆ ಉಳೀಬೇಕಾ ಬೇಡ್ವಾ ಅನ್ನೋದು ಅದ್ರ ಮೇಲುಂಟು."

ನನ್ನ ಗೊಂದಲ ಇದೇ, ಮಹನೀಯರೇ. ನನಗೆ ಹೊಳೆದಿತ್ತೇ? ಕಣ್ಣು ಮುಚ್ಚಿ ಕುಳಿತರೆ ಹೊಳೆದಿತ್ತು ಅನ್ನಿಸುತ್ತದೆ. ಎರಡು ಪ್ಲಾಸ್ಟಿಕ್ ಅಂಟುವುದಿಲ್ಲ, ಎರಡನ್ನೂ ಕಲಸಿ ನಡುವೆ ಇಡು — ಇದರಲ್ಲೇನಿದೆ? ಮತ್ತೆ ಅನ್ನಿಸುತ್ತದೆ, ಹತ್ತೊಂಬತ್ತು ವರ್ಷ ಸುಮ್ಮನೆ ಏಕಿದ್ದೆ? ಒಮ್ಮೆ ನೋಡಿಬಿಟ್ಟ ಮೇಲೆ, ನೋಡದೆ ಇದ್ದಾಗಿನ ನನ್ನ ತಲೆ ನನಗೆ ಮರಳಿ ಸಿಗುತ್ತಿಲ್ಲ. ಹೊಳೆದಿತ್ತು ಎಂದರೆ ಗೆಳೆಯನಿಗೆ ದ್ರೋಹ. ಹೊಳೆದಿರಲಿಲ್ಲ ಎಂದರೆ ಸತ್ತವನ ಮೇಲಿನ ಕನಿಕರಕ್ಕೆ ಬರೆದ ಸುಳ್ಳೋ ಏನೋ. ಹದಿನೈದು ದಿನ ಆ ಕಾಗದ ಕಿಸೆಯಲ್ಲಿಟ್ಟುಕೊಂಡು ತಿರುಗಿದೆ. ಈಗಲೂ ಇಲ್ಲೇ ಇದೆ.

ಇವತ್ತು ಈ ಸಭಾಭವನಕ್ಕೆ ಬಂದೆ. ವೈನಿ ಚಹಾ ಕೊಟ್ಟರು. ಕೊಡುತ್ತಾ ಸಹಜವಾಗಿ ಒಂದು ಮಾತು ಕೇಳಿದರು. "ಗಿರಿಧರಣ್ಣ, ಆ ಚೀಲದ ಜಗಳ ನೆನಪುಂಟಾ? ಆ ದಿವಸ ಅವ್ರು ಮನೆಗೆ ಬಂದು ಊಟಾನೇ ಮಾಡ್ಲಿಲ್ಲ."

ಚೀಲದ ಜಗಳ. — ನಾನು ಮರೆತೇಬಿಟ್ಟಿದ್ದೆ.

ಉಳಿದ ಚೂರು ತುಂಬಲು ನಮ್ಮಲ್ಲಿ ಎರಡು ಚೀಲ. ಆ ಎರಡು ಪ್ಲಾಸ್ಟಿಕ್ಕುಗಳಲ್ಲಿ ಒಂದರ ಚೀಲಕ್ಕೆ ಹಸಿರು ದಾರ, ಇನ್ನೊಂದರದಕ್ಕೆ ಕೆಂಪು ದಾರ. ಕೆಲಸಕ್ಕೆ ಸೇರಿದ ಮೊದಲ ದಿನವೇ ಕಲಿಸುವ ಪಾಠ, ಎರಡೂ ಬೆರೆಯಬಾರದು. ಬೆರೆತರೆ ಪೈಪು ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ, ಎಲ್ಲ ಹಾಳು. ಆ ಪಾಠ ಕಲಿಸುವವನು ನಾನೇ. ಬೋಟಿನ ಪೈಪು ಒಡೆದ ಆ ವರ್ಷವೇ ಒಂದು ಮಧ್ಯಾಹ್ನ ನೋಡುತ್ತೇನೆ, ದೇವಿದಾಸ ಎರಡೂ ಚೀಲ ಬಿಚ್ಚಿ ಒಂದೇ ಬುಟ್ಟಿಗೆ ಸುರಿಯುತ್ತಿದ್ದಾನೆ! ನಾನು ಆರು ಅಡಿ ದಾಟಿ ಹೋದೆ. ಕೈಯಿಂದ ಚೀಲ ಕಸಿದುಕೊಂಡೆ — ಹೀಗೆ. "ತಲೆ ಸರಿ ಉಂಟೋ ಇಲ್ವೋ ನಿಂಗೆ? ಇಷ್ಟು ವರ್ಷ ಎಂತ ಕಲ್ತೆ?" ಎಂದು ಎಲ್ಲರೆದುರು ಕೂಗಿದೆ. ಅವನು ಕೆಳಗೆ ಚೆಲ್ಲಿದ ಚೂರುಗಳನ್ನು ಕೂತು ಹೆಕ್ಕಿದ. ಬಣ್ಣ ನೋಡಿ ಬೇರೆ ಮಾಡುತ್ತಿದ್ದಾನೆ ಅಂದುಕೊಂಡೆ. ಅವನು ಎರಡನ್ನೂ ಸೇರಿಸಿಯೇ ಹೆಕ್ಕುತ್ತಿದ್ದ.

ನನಗೆ ಹೊಳೆದಿತ್ತೇ ಎಂದು ಕೇಳುತ್ತಾರೆ. ಹೊಳೆಯುವುದು ದೂರ ಉಳಿಯಿತು — ಹೊಳೆದವನ ಕೈಯಿಂದ ಕಸಿದುಕೊಂಡವನು ನಾನು. ಅದನ್ನು ಮಾಡಬಾರದು ಎಂದು ಎಲ್ಲರಿಗೂ ಕಲಿಸಿದವನು ನಾನು.

ಇದನ್ನು ಇದ್ದ ಹಾಗೇ ಬರೆಯುತ್ತೇನೆ, ರೂಪಾಲಿ. ಇವತ್ತೇ, ಈ ಸಭೆ ಮುಗಿದ ಕೂಡಲೇ. ಚೀಲ, ದಾರದ ಬಣ್ಣ, ನಾನು ಆಡಿದ ಮಾತು, ಎಲ್ಲ. ಪೇಟೆಂಟ್ ಸಿಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಕಚೇರಿಯವರು ಒಪ್ಪುತ್ತಾರೋ, ಇನ್ನೇನು ಕೇಳುತ್ತಾರೋ, ಅದೂ ಗೊತ್ತಿಲ್ಲ. ಇದೊಂದು ಮಾತ್ರ ಗೊತ್ತಾಗಿದೆ.

ಅವನು ಇದ್ದಾಗ ಬರೆಯಲಿಲ್ಲ. ವೈನಿ, ಕ್ಷಮಿಸಬೇಕು.

ಇವತ್ತು ಕಾರ್ಖಾನೆಗೆ ರಜೆ. ಒಂದನೇ ಮಶಿನ್ ನಿಂತಿದೆ. ನಿಂತ ಮಶಿನ್ನಿಗೆ ದೃಷ್ಟಿ ತಾಗುವುದಿಲ್ಲ, ಹೊಗಳಬಹುದು. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಹೇಳದ ಮಾತು — ಆ ಫೋಟೋ ನೋಡಿಕೊಂಡೇ ಹೇಳುತ್ತೇನೆ. ದೇವಿದಾಸ, ಪೈಪು ಭಾಳ ಚಲೋ ಆಗಿತ್ತು ಮಾರಾಯಾ. ನಂಗೆ ಹೊಳೆದಿರ್ಲಿಲ್ಲ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಅವನಿಗಾಗಿ ಒಂದು ನಿಮಿಷ ಯಾರೂ ಏನೂ ಹೇಳುವುದು ಬೇಡ.